ಗ್ರಂಥಾಲಯವಾಸಿ ವಿದ್ಯಾರ್ಥಿಗಳು: ಒಂದು ಕೋಲನ್ ವರ್ಗೀಕರಣ

ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ತರಬೇತಿಗೆಂದು ಲಂಡನ್ನಿಗೆ ಹೋದವರು ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ನೋಡಿದರು. ಇದೇ ರೀತಿ ಜ್ಞಾನವನ್ನೂ ಬಿಚ್ಚಿ ಜೋಡಿಸಬಹುದಲ್ಲ ಎಂದು ಹೊಳೆಯಿತು. 1933ರಲ್ಲಿ ಕೋಲನ್ ವರ್ಗೀಕರಣ ಹೊರಬಂತು. ಯಾವ ವಿಷಯವಾದರೂ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲವರ್ಗಗಳಿಗೆ ಬಗ್ಗುತ್ತದೆ ಎಂದು ಅವರು ಮುಂದೆ ಸಾಧಿಸಿದರು. ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲೊಂದು ದಾಖಲಾತಿ ಸಂಶೋಧನ ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡ ಆ ಮಹನೀಯರು ಪುಸ್ತಕಗಳಿಗೆಲ್ಲ ಸಂಖ್ಯೆ ಕೊಟ್ಟರು. ಪುಸ್ತಕದ ಮೇಲೆ ತಲೆಯಿಟ್ಟು ಮಲಗುವವರನ್ನು ಮಾತ್ರ ಹಾಗೇ ಬಿಟ್ಟರು. ಶಾಸ್ತ್ರದ ಈ ಲೋಪವನ್ನು ತುಂಬಲು ಪ್ರಸ್ತುತ ಸಂಶೋಧಕರು ಟೊಂಕ ಕಟ್ಟಿದ್ದಾರೆ.

ರಂಗನಾಥನ್ ಅವರ ಕ್ರಮದಲ್ಲಿ ದೇಶಕ್ಕೆ ನಾಲ್ಕನೆಯ ಸ್ಥಾನ. ಇಲ್ಲಿ ಅದೇ ಮೊದಲು, ಏಕೆಂದರೆ ವಿದ್ಯಾರ್ಥಿ ಒಳಬಂದವನೇ ಹುಡುಕುವುದು ಜಾಗವನ್ನು, ಪುಸ್ತಕವನ್ನಲ್ಲ. ಫ್ಯಾನು ಮೇಲಿರಬೇಕು, ಪ್ಲಗ್ಗು ಪಕ್ಕದಲ್ಲಿರಬೇಕು, ಗ್ರಂಥಪಾಲಕರ ಮೇಜು ಕಣ್ಣಿಗೆ ಬೀಳಬಾರದು. ಈ ಮೂರು ರೇಖೆಗಳು ಕೂಡುವ ಬಿಂದುವನ್ನು ಖಾಯಂ ಆಗಿ ಹಿಡಿದಿರುವವನು ಸ್ಪರ್ಧಾಪರೀಕ್ಷಾರ್ಥಿ. ಕೆಎಎಸ್, ಪಿಡಿಒ, ಎಫ್‌ಡಿಎ, ಕೆ-ಸೆಟ್ ಎಂಬ ಉಪಜಾತಿಗಳಿದ್ದರೂ ಲಕ್ಷಣ ಒಂದೇ: ಪುಸ್ತಕ ಅವನದೇ. ಲಕ್ಷ್ಮೀಕಾಂತರ ರಾಜ್ಯಶಾಸ್ತ್ರದ ದಪ್ಪ ಹೊತ್ತಗೆ, ‘ಯೋಜನಾ’ ಹಳೆಯ ಸಂಚಿಕೆಗಳು, ನೀರಿನ ಬಾಟಲಿ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುವ ಪ್ರಾಚೀನ ವಿದ್ಯೆಯನ್ನು ಇವನು ಬಾಟಲಿಯಿಂದ ಸಾಧಿಸಿದ್ದಾನೆ. ಊಟಕ್ಕೆ ಹೋದರೆ ಬಾಟಲಿ ಓದುತ್ತಿರುತ್ತದೆ. ಗ್ರಂಥಾಲಯ ಬೆಳೆಯುವ ಜೀವಿ ಎಂದ ರಂಗನಾಥನ್ನರ ಗ್ರಂಥಾಲಯ ವಿಜ್ಞಾನ ಸೂತ್ರಗಳಲ್ಲಿ ಐದನೆಯದು ಕಪಾಟುಗಳ ಮಟ್ಟಿಗೆ ನಿಂತಿದ್ದರೂ ಕುರ್ಚಿಗಳ ಮಟ್ಟಿಗೆ ಇನ್ನೂ ಸತ್ಯ.

ಶಕ್ತಿ ಎಂಬ ವರ್ಗಕ್ಕೆ ಪುರಾವೆ ಸಿಗಲಿಲ್ಲ. ಕ್ಷೇತ್ರಕಾರ್ಯ ನಡೆದದ್ದು ಮಧ್ಯಾಹ್ನದ ಊಟದ ನಂತರ.

ವ್ಯಕ್ತಿತ್ವದಲ್ಲಿ ಅಗ್ರಪೂಜೆ ಸಲ್ಲಬೇಕಾದದ್ದು ಬಚ್ಚಿಡುವವನಿಗೆ. ಪರೀಕ್ಷೆ ಹತ್ತಿರವಾದಾಗ ಅರ್ಥಶಾಸ್ತ್ರದ ಒಂದೇ ಪಠ್ಯಕ್ಕೆ ಇಡೀ ತರಗತಿ ಮುಗಿಬೀಳುತ್ತದೆ. ಎರವಲು ಮಿತಿ ಮುಗಿದಿರುವ ಇವನು ಆ ಪುಸ್ತಕವನ್ನು ಡ್ಯೂಯಿ ಕ್ರಮದ 330ರಿಂದ ಮೆಲ್ಲಗೆ ಎತ್ತಿ, 520ರ ಖಗೋಳಶಾಸ್ತ್ರದ ಸಾಲಿನ ಹಿಂದೆ ಅಡ್ಡ ಮಲಗಿಸುತ್ತಾನೆ. 894.814ಕ್ಕೆ ಹೋಗುವುದಿಲ್ಲ, ಅದು ಕನ್ನಡ ಸಾಹಿತ್ಯ, ಯಾರಾದರೂ ಕಾದಂಬರಿಗೆ ಕೈಹಾಕಿಬಿಟ್ಟಾರು ಎಂಬ ಭಯ. ಯಾವ ಶಿಸ್ತಿಗೆ ಎಷ್ಟು ಓದುಗರು, ಯಾವ ಕಪಾಟಿನ ಧೂಳು ಎಷ್ಟು ಹಳೆಯದು, ಅಟೆಂಡರ್ ಯಾವ ಸಾಲಿಗೆ ಬಗ್ಗುವುದಿಲ್ಲ, ಎಲ್ಲವೂ ಇವನಿಗೆ ಬಾಯಿಪಾಠ. ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಇವನಿಗೆ ನೇರವಾಗಿ ಕೊಡಬಹುದು. ಪ್ರತಿ ಪುಸ್ತಕಕ್ಕೂ ಓದುಗನಿದ್ದಾನೆ ಎಂಬ ಮೂರನೆಯ ಸೂತ್ರವನ್ನು ‘ಒಬ್ಬನೇ ಓದುಗ’ ಎಂದು ತಿದ್ದಿದ್ದಷ್ಟೇ ಇವನ ಅಪರಾಧ. ಓದುಗನ ಸಮಯ ಉಳಿಸಬೇಕೆಂಬ ನಾಲ್ಕನೆಯದನ್ನಂತೂ ಅಕ್ಷರಶಃ ಪಾಲಿಸುತ್ತಾನೆ: ತನ್ನದನ್ನು.

ದ್ರವ್ಯವರ್ಗಕ್ಕೆ ಸೇರುವವನು ಪಿಎಚ್.ಡಿ. ವಿದ್ವಾಂಸ. ಇವನ ಕಚ್ಚಾಮಾಲು ಶೋಧಗಂಗಾ ಜಾಲತಾಣದ ಪ್ರಬಂಧಗಳು. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇಕಡ 10 ದಾಟದಿದ್ದರೆ ದಂಡವಿಲ್ಲವಾದ್ದರಿಂದ, ‘ಪ್ರಭಾವ’ವನ್ನು ‘ಪರಿಣಾಮ’ವಾಗಿಸಿ, ‘ಪರಿಣಾಮ’ವನ್ನು ‘ಪ್ರಭಾವ’ವಾಗಿಸಿ ಇವನು ಹಗಲಿರುಳು ದುಡಿಯುತ್ತಾನೆ. ನಿಘಂಟುಗಳ ಕಪಾಟಿನ ಬಳಿ ಇಂದು ಯಾರಾದರೂ ನಿಂತಿದ್ದರೆ ಅದು ಆ ನಿಯಮದ ಪುಣ್ಯ.

ಇನ್ನುಳಿದದ್ದು ಕಾಲ. ಬೆಳಿಗ್ಗೆ ಪತ್ರಿಕೆಯ ಕ್ರೀಡಾಪುಟವನ್ನು ಬೇರ್ಪಡಿಸಿಕೊಂಡು ಹೋಗುವವನು, ಸಂಜೆ ಉಲ್ಲೇಖ ವಿಭಾಗದ ಮರೆಯಲ್ಲಿ ಪಿಸುಗುಟ್ಟುವ ಜೋಡಿ, ಪರೀಕ್ಷೆಯ ಹಿಂದಿನ ದಿನ ಹಳೆಯ ಪ್ರಶ್ನೆಪತ್ರಿಕೆಗೆ ಜೆರಾಕ್ಸ್ ಸಾಲು ಹಿಡಿಯುವವರು, ಇವರೆಲ್ಲ ಸುಲಭವಾಗಿ ಬಗ್ಗುತ್ತಾರೆ. ಬಗ್ಗದವನು ಒಬ್ಬನೇ. ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ‘ನೋ ಡ್ಯೂ’ ಅರ್ಜಿ ಹಿಡಿದು ಬರುತ್ತಾನೆ. ಗುಮಾಸ್ತರು ಕಂಪ್ಯೂಟರಿನಲ್ಲಿ ಹುಡುಕುತ್ತಾರೆ. ಹೆಸರಿದೆ, ಒಂದು ಪುಸ್ತಕವನ್ನೂ ಪಡೆದಿಲ್ಲ. ಕಾರ್ಡು ಕೇಳಿದರೆ ಮಾಡಿಸಿಯೇ ಇಲ್ಲ. ಮೊಹರು ಬೀಳುವ ತನಕ ಅವನು ಸುತ್ತ ಕಣ್ಣಾಡಿಸಿ, ಪಕ್ಕದಲ್ಲಿದ್ದವನನ್ನು ಕೇಳುತ್ತಾನೆ: “ಇಲ್ಲಿ ಎಸಿ ಮೊದಲಿಂದಾನೂ ಇತ್ತಾ?”