ಅಕ್ಕಿ ಬಿಟ್ಟೆವು, ಅನ್ನ ಬಿಡಲಿಲ್ಲ

ಡಾಕ್ಟರು ಹೇಳಿದ್ದು ಮೂರೇ ಮಾತು: "ಅನ್ನ ಕಮ್ಮಿ ಮಾಡಿ." ಮೂರು ತಿಂಗಳ ಸರಾಸರಿ ಶುಗರ್ 7.4 ಎಂದಿದ್ದ ರಿಪೋರ್ಟನ್ನು ಮಡಚಿ ನನ್ನ ಕೈಗಿತ್ತು ಮುಂದಿನ ಪೇಷಂಟನ್ನು ಕರೆದರು. ಆಟೋ ಹತ್ತಿ ಮನೆ ಸೇರುವಷ್ಟರಲ್ಲಿ ಆ ಮೂರು ಮಾತು ನನ್ನ ಹೆಂಡತಿಯ ಬಾಯಲ್ಲಿ "ಅನ್ನಕ್ಕೆ ಬದಲಿ ಏನ್ರೀ?" ಎಂದಾಗಿತ್ತು. ಕಮ್ಮಿ ಮಾಡುವುದು ನಮ್ಮ ಜಾಯಮಾನಕ್ಕೆ ಒಗ್ಗಿದ್ದಲ್ಲ. ಬದಲಿ ಹುಡುಕು ಅಂದರೆ ಊರೆಲ್ಲ ಸುತ್ತಿ ಬರುತ್ತೇವೆ.

ಮೊದಲು ಮನೆಗೆ ಬಂದದ್ದು ಹೂಕೋಸು. ಭಾನುವಾರ ಬೆಳಿಗ್ಗೆ ಕ್ಯಾರೆಟ್ ತುರಿಯುವ ಮಣೆಯನ್ನು ನನ್ನ ಕೈಗೆ ಕೊಟ್ಟು, "ಅಕ್ಕಿಕಾಳಿನಷ್ಟೇ ಇರಬೇಕು" ಎಂದು ಅಪ್ಪಣೆಯಾಯಿತು. ಎರಡು ಹೂ ತುರಿಯುವಷ್ಟರಲ್ಲಿ ಅಡುಗೆಕಟ್ಟೆ, ನೆಲ, ನನ್ನ ಕನ್ನಡಕ ಎಲ್ಲದರ ಮೇಲೂ ಅಕ್ಷತೆ ಎರಚಿದ ಹಾಗಿತ್ತು. ಬಾಣಲೆಗೆ ಬಿದ್ದ ಐದು ನಿಮಿಷಕ್ಕೆ ತುರಿ ನೀರು ಬಿಟ್ಟುಕೊಂಡಿತು, ಕೊಳೆತ ಮೊಟ್ಟೆಯ ವಾಸನೆ ನಡುಮನೆಯವರೆಗೆ ಬಂತು. ನೀರು ತೆಗೆಯಲು ಹಳೇ ಪಂಚೆಯ ತುಂಡು ತಂದರು. ಅನ್ನ ಬಸಿಯುವುದನ್ನು ಕಂಡಿದ್ದೆ. ಬಟ್ಟೆಯಲ್ಲಿ ಕಟ್ಟಿ ಹಿಂಡುವುದನ್ನು ಕಂಡದ್ದು ಅದೇ ಮೊದಲು.

ಅನ್ನದ ಗುಡ್ಡೆಯ ನಡುವೆ ಗುಳಿ ತೋಡಿ ಹುಳಿ ಹಾಕಿಸಿಕೊಳ್ಳುವುದು ನನ್ನ ಐವತ್ತು ವರ್ಷದ ಅಭ್ಯಾಸ. ಕೋಸಿನ ಗುಡ್ಡೆ, ಕಳಪೆ ಕಾಮಗಾರಿಯ ಕೆರೆ ಏರಿಯಂತೆ, ಮೊದಲ ಸೌಟಿಗೇ ಒಡೆದು ತಟ್ಟೆಯ ಆಚೆ ದಡ ಮುಟ್ಟಿತು. ಅಮ್ಮ ಅದನ್ನೇ ನೋಡುತ್ತಿದ್ದವಳು, "ಪಲ್ಯಕ್ಕೆ ಒಗ್ಗರಣೆ ಹಾಕೋದು ಮರೆತ್ಯೇನೇ?" ಎಂದು ಸೊಸೆಯನ್ನು ಕೇಳಿದಳು.

"ಅದು ಪಲ್ಯ ಅಲ್ಲ ಅತ್ತೆ, ಅನ್ನ."

ಅಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಯಾಕೆ, ಪಲ್ಯಕ್ಕೇನಾಗಿತ್ತು?" ಎಂದಳು.

ಪಲ್ಯಕ್ಕೇನೂ ಆಗಿರಲಿಲ್ಲ. ಸಾಸಿವೆ, ಒಣಮೆಣಸಿನಕಾಯಿ, ಮೇಲೆರಡು ಚಮಚ ಕಾಯಿತುರಿ ಬಿದ್ದಿದ್ದರೆ ಅದೇ ಕೋಸನ್ನು ಒಂದು ಬಟ್ಟಲು ತಿಂದು ಮುಗಿಸುತ್ತಿದ್ದೆ. ಬೆಂದ ಅನ್ನ ನೂರು ಗ್ರಾಮಿಗೆ ಸುಮಾರು 28 ಗ್ರಾಂ ಕಾರ್ಬ್ ಅಂತೆ, ಹೂಕೋಸಿನಲ್ಲಿ ಐದೇ. ಆದರೆ ನಮ್ಮ ಎಲೆಯ ಶಾಸ್ತ್ರದಲ್ಲಿ ಪಲ್ಯದ ಜಾಗ ಒಂದು ಮೂಲೆ, ಪ್ರಮಾಣ ಎರಡು ಬೆರಳಷ್ಟು. ಕೋಸಂಬರಿ ಇನ್ನೂ ಕಮ್ಮಿ, ದೃಷ್ಟಿಬೊಟ್ಟಿನಷ್ಟು. ನಡುವಿನ ಬಯಲೆಲ್ಲ ಅನ್ನದ್ದು: ಸಾರಿಗೊಂದು ಸಲ, ಹುಳಿಗೊಂದು ಸಲ, ಮಜ್ಜಿಗೆಗೆ ಕೊನೆಯ ಸಲ. ಈ ಎಲೆಯನ್ನು ತಿರುವಿಹಾಕಿ ಪಲ್ಯವನ್ನು ನಡುವಿಗೂ ಅನ್ನವನ್ನು ಮೂಲೆಗೂ ಬಡಿಸಿದರೆ ಡಾಕ್ಟರ ಮಾತು ನಡೆದಂತೆಯೇ. ಅದಕ್ಕೆ ಪ್ಯಾಕೆಟ್ ಬೇಡ, ಆ್ಯಪ್ ಬೇಡ. ಹಾಗಾಗಿ ಅದನ್ನು ಯಾರೂ ಜಾಹೀರಾತು ಮಾಡುವುದಿಲ್ಲ. ಐಸಿಎಂಆರ್ ಬೆಂಬಲದ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಲೆಕ್ಕ 10.1 ಕೋಟಿ ಎಂದಿತು. ಡಾಕ್ಟರುಗಳಿಗೆ ಅದು ಆತಂಕದ ಸುದ್ದಿ. ಪ್ಯಾಕೆಟ್ ಕಟ್ಟುವವರಿಗೆ 10.1 ಕೋಟಿ ತಟ್ಟೆ.

ನಿಜ ಹೇಳಬೇಕೆಂದರೆ ಬದಲಿ ಊಟ ನಮಗೆ ಹೊಸದಲ್ಲ. ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಒಪ್ಪತ್ತು. ಅನ್ನ ಮುಟ್ಟುವ ಹಾಗಿಲ್ಲ. ಆದ್ದರಿಂದ ದೋಸೆ ತಿನ್ನುತ್ತೇವೆ, ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು ಹಾಕಿ ರುಬ್ಬಿದ್ದು. ಕೆಲವು ವಾರ ಇಡ್ಲಿ, ಕೆಲವು ವಾರ ಅವಲಕ್ಕಿ. ಅವಲಕ್ಕಿ ಯಾವ ಗಿಡದಲ್ಲಿ ಬಿಡುತ್ತದೆ ಎಂದು ಆ ರಾತ್ರಿ ಮಾತ್ರ ಯಾರೂ ಕೇಳಕೂಡದು. ಒಪ್ಪತ್ತಿನ ನಿಯಮ ಇಷ್ಟೇ: ಅಕ್ಕಿ ಇದ್ದರೂ ಪರವಾಗಿಲ್ಲ, 'ಅನ್ನ' ಎಂಬ ಹೆಸರು ಇರಬಾರದು. ಈಗಿನ ಹೊಸ ವ್ರತ ಅದರ ತಿರುಗುಮುರುಗು: ಅಕ್ಕಿ ಇರಕೂಡದು, 'ಅನ್ನ' ಎಂಬ ಹೆಸರು ಮಾತ್ರ ಇರಲೇಬೇಕು. ಶನಿವಾರ ದೇವರ ಕಣ್ಣಿಗೆ ಮಣ್ಣು, ಉಳಿದ ಆರು ದಿನ ನಾಲಿಗೆಗೆ. ದೇವರು ಇದುವರೆಗೆ ಏನೂ ಅಂದಿಲ್ಲ. ನಾಲಿಗೆ ಮೊದಲ ತುತ್ತಿಗೇ ಕಂಡುಹಿಡಿಯಿತು.

ಕೋಸು ಸೋತ ಮೇಲೆ ಬಾದಾಮಿ ಹಿಟ್ಟಿನ ಚಪಾತಿ. ಕಿಲೋಗೆ ಸಾವಿರ ರೂಪಾಯಿ ದಾಟುವ ಹಿಟ್ಟು ಲಟ್ಟಣಿಗೆಯ ಕೆಳಗೆ ನಿಲ್ಲುವುದಿಲ್ಲ, ಏಕೆಂದರೆ ಗೋಧಿಯ ಜಿಗುಟು ಅದಕ್ಕಿಲ್ಲ. ಒತ್ತಿದಲ್ಲೆಲ್ಲ ಬಿರುಕು, ನಡುವೆ ಚಿತ್ರದುರ್ಗ, ಅಂಚಿನಲ್ಲಿ ತುಂಡಾಗಿ ಬಿದ್ದ ಬೀದರ್. ಜಿಗುಟು ಬರಿಸಲು ಹಿಟ್ಟಿಗೆ ಇಸಬಗೋಲು ಬೆರೆಸಬೇಕಂತೆ. ನಮ್ಮ ಮನೆಯಲ್ಲಿ ಇಸಬಗೋಲಿಗೆ ಒಂದೇ ಕೆಲಸವಿತ್ತು: ರಾತ್ರಿ ಬಿಸಿನೀರಲ್ಲಿ ಕದಡಿ ಕುಡಿದರೆ ಬೆಳಿಗ್ಗೆ ಅದರ ಫಲ. ಬೀರುವಿನ ಔಷಧಿ ಡಬ್ಬದಿಂದ ಅಡುಗೆಮನೆಗೆ ಅದಕ್ಕೆ ಬಡ್ತಿ ಸಿಕ್ಕಿದ್ದನ್ನು ಕಂಡು ಅಮ್ಮ ಆ ದಿನ ಮಜ್ಜಿಗೆ ಕುಡಿದು ಎದ್ದಳು. ಇಷ್ಟೆಲ್ಲ ಆದ ಮೇಲೂ ಬಾದಾಮಿಯ ಅರ್ಧ ತೂಕ ಬರೀ ಕೊಬ್ಬು, ಗೋಧಿ ಹಿಟ್ಟಿಗಿಂತ ಕ್ಯಾಲೊರಿ ಒಂದೂವರೆ ಪಟ್ಟಿಗೂ ಹೆಚ್ಚು. ನಾನು ತಿಂದದ್ದು ನಾಲ್ಕು. ಕಾರ್ಬ್ ಇಲ್ಲವಲ್ಲ!

ಆಮೇಲೆ ಕೊಂಜಾಕ್ ಅಕ್ಕಿ ಎಂಬ ಜಪಾನಿನ ಪವಾಡ ಬಂತು. ಪ್ಯಾಕೆಟ್ ಕತ್ತರಿಸಿದರೆ ಮೀನು ಮಾರ್ಕೆಟ್ಟಿನ ವಾಸನೆ, ಮೂರು ಸಲ ತೊಳೆದರೆ ಯಾವ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಹೆಚ್ಚೂಕಮ್ಮಿ ಎಲ್ಲ ನೀರೇ. ಅಳಿದುಳಿದದ್ದು ಒಂದು ಗೆಡ್ಡೆಯ ನಾರು. ಆ ಗೆಡ್ಡೆ ನಮ್ಮ ಸುವರ್ಣಗೆಡ್ಡೆಯ ದಾಯಾದಿ, ಒಂದೇ ಕುಲ. ಸುವರ್ಣಗೆಡ್ಡೆಯನ್ನು 'ಕಾರ್ಬ್ ಜಾಸ್ತಿ' ಎಂದು ಮನೆಯಿಂದಾಚೆ ಹಾಕಿ, ಅದರ ದಾಯಾದಿಯನ್ನು ಇನ್ನೂರು ಗ್ರಾಮಿಗೆ ಇಷ್ಟು ಎಂದು ದುಡ್ಡು ತೆತ್ತು ಕರೆಸಿಕೊಂಡೆವು. ಅದರಲ್ಲಿ ಮೊಸರನ್ನ ಕಲೆಸಿದರೆ ಮೊಸರು ಒಂದು ಕಡೆ, 'ಅನ್ನ' ಒಂದು ಕಡೆ, ವ್ಯಾಜ್ಯ ಹೂಡಿದ ಗಂಡ ಹೆಂಡಿರ ಹಾಗೆ.

ಈ ಪಥ್ಯದ ಮೂಲಪುರುಷ ಯಾರೆಂದು ಹುಡುಕಿದೆ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ರಾಜಮನೆತನದ ಶವಸಂಸ್ಕಾರದ ಗುತ್ತಿಗೆ ಹಿಡಿದ ಮನೆತನದವನು. ಪಥ್ಯ ಮಾಡದವರ ಗತಿ ಏನೆಂದು ದಿನಾ ಅಳತೆ ತೆಗೆದು ನೋಡಿದ ಮನುಷ್ಯ. ದಪ್ಪಗಾಗಿ ತನ್ನ ಬೂಟಿನ ಲಾಡಿ ತಾನೇ ಕಟ್ಟಲಾಗದೆ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದವನು ಬ್ರೆಡ್ಡು, ಆಲೂಗಡ್ಡೆ, ಸಕ್ಕರೆ, ಬಿಯರು ಬಿಟ್ಟು ಸಣ್ಣಗಾದ. 1863ರಲ್ಲಿ ಅದನ್ನೇ ಪುಟ್ಟ ಪುಸ್ತಕ ಮಾಡಿ ಹಂಚಿದ. ಎಂಬತ್ತೊಂದು ವರ್ಷ ಬದುಕಿದ. ಅವನದು ನೇರ ಮನಸ್ಸು: ಆಲೂಗಡ್ಡೆ ಬಿಡು ಅಂದರೆ ಬಿಟ್ಟ. ಟರ್ನಿಪ್ಪನ್ನು ಆಲೂಗಡ್ಡೆಯ ಆಕಾರಕ್ಕೆ ಕೆತ್ತಿಕೊಂಡು ಕೂರಲಿಲ್ಲ.

ನಾವು ಬಿಡುವುದನ್ನು ಕಲಿಯಲಿಲ್ಲ, ಹೆಸರಿಡುವುದನ್ನು ಕಲಿತೆವು. ಅಜ್ಜಿಯ ಕಾಲದ ಕಿರುಧಾನ್ಯ, ಬರಗಾಲದಲ್ಲಿ ಹೊಟ್ಟೆ ತುಂಬಿಸಿದ ಸಾಮೆ, ನವಣೆ, 'ಸಿರಿಧಾನ್ಯ'ವಾದ ಮೇಲೆ ಸಿರಿವಂತರ ಮಾಲ್‌ಗೆ ಬಂದವು. 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯ ವರ್ಷ ಎಂದಿತು. ಒಳ್ಳೆಯದೇ, ನಾರು ಹೆಚ್ಚು, ನೀರು ಕಮ್ಮಿ ಕುಡಿಯುವ ಬೆಳೆ. ಆದರೆ ನನ್ನ ವಾಕಿಂಗ್ ಗೆಳೆಯರು ಅದನ್ನು ಕಾರ್ಬೇ ಇಲ್ಲದ ವಸ್ತು ಎಂದುಕೊಂಡಿದ್ದಾರೆ. ಅಕ್ಕಿಯಲ್ಲಿ ನೂರಕ್ಕೆ 78 ಇದ್ದರೆ ರಾಗಿಯಲ್ಲಿ 67ರ ಆಸುಪಾಸು. "ಮಂಡ್ಯದವರು ಮುದ್ದೆ ತಿಂದು ಗಟ್ಟಿಮುಟ್ಟಾಗಿರಲಿಲ್ಲವೇ?" ಎಂದು ವಾದಿಸುತ್ತಾರೆ. ಇದ್ದರು. ಎರಡು ಮುದ್ದೆ ನುಂಗಿ ಸಂಜೆಯವರೆಗೆ ನೇಗಿಲ ಹಿಂದೆ ನಡೆಯುತ್ತಿದ್ದರು. ಇವರು ಎರಡು ಮುದ್ದೆ ನುಂಗಿ ಲಿಫ್ಟ್ ಹತ್ತುತ್ತಾರೆ.

ಹಾಗೆ ನೋಡಿದರೆ ಒಂದು ಗ್ರಾಂ ಕಾರ್ಬೂ ಇಲ್ಲದ ಅಕ್ಕಿಯನ್ನು ದೊಡ್ಡ ಪ್ರಮಾಣದಲ್ಲಿ ಹಂಚಿದ ಕೀರ್ತಿ ನಮ್ಮ ಸರ್ಕಾರದ್ದು. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋಗೆ ಅಕ್ಕಿ ಸಿಗದೆ, ಕಿಲೋಗೆ 34ರಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಿತು. ಹೆಸರು ಮಾತ್ರ ಅನ್ನಭಾಗ್ಯವೇ. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಆ ದುಡ್ಡಿಗೆ ಅಕ್ಕಿ ತಂದುಕೊಂಡಳು. ನಾನು ಅದರ ಎರಡರಷ್ಟು ಕೊಟ್ಟು ಅಕ್ಕಿ ಇಲ್ಲದ ಅಕ್ಕಿಯ ಒಂದು ಪ್ಯಾಕೆಟ್ ತಂದೆ. ಖಾಲಿ ಪ್ಯಾಕೆಟ್ಟನ್ನು ಕಸಕ್ಕೆ ಹಾಕುತ್ತಾ ಅವಳು ಕೇಳಿದಳು: "ಇದ್ರಲ್ಲಿ ಏನಿತ್ತು ಸಾರ್?" ಉತ್ತರ ಹೊಳೆಯಲಿಲ್ಲ.

ಊಟವಾದ ಮೇಲೆ ಅರ್ಧ ಗಂಟೆ ನಡೆಯಬೇಕು ಎಂಬುದು ಡಾಕ್ಟರ ಇನ್ನೊಂದು ಅಪ್ಪಣೆ. ಅದನ್ನು ತಪ್ಪದೆ ಪಾಲಿಸುತ್ತೇನೆ. ಹದಿನೈದನೇ ನಿಮಿಷಕ್ಕೆ ಮೂಲೆಯ ಗೋಬಿ ಗಾಡಿ ಸಿಗುತ್ತದೆ. 2024ರ ಮಾರ್ಚಿನಲ್ಲಿ ಸರ್ಕಾರ ಕೃತಕ ಬಣ್ಣ ನಿಷೇಧಿಸಿದ ಮೇಲೆ ಗೋಬಿ ಮಂಚೂರಿ ಕೊಂಚ ಬಿಳಿಚಿಕೊಂಡಿದೆ, ರೋಗಿಗೆ ತಕ್ಕ ಬಣ್ಣ. ಮನೆಯಲ್ಲಿ ಅಕ್ಕಿಯ ವೇಷ ಹಾಕುವ ಅದೇ ಹೂಕೋಸು ಇಲ್ಲಿ ಮೈದಾ, ಕಾರ್ನ್‌ಫ್ಲೋರಿನ ಅಂಗಿ ತೊಟ್ಟು ಎಣ್ಣೆಗೆ ಇಳಿಯುತ್ತದೆ. ಹುಡುಗ ಸಟ್ಟುಗವನ್ನು ಬಾಣಲೆಗೆ ಬಡಿದು ಕೇಳಿದ:

"ಬರೀ ಗೋಬಿನಾ ಸಾರ್, ಗೋಬಿ ರೈಸಾ?"

ಮನೆಯಲ್ಲಿ ತಿಂದು ಬಂದದ್ದೂ ಹೆಸರಿಗೆ ಅದೇ ತಾನೇ.

"ಗೋಬಿ ರೈಸ್," ಎಂದೆ. "ರೈಸ್ ಜಾಸ್ತಿ ಇರಲಿ."