ಸ್ಯಾಂಪಲ್ ಶೂರ

ಅಕ್ಟೋಬರ್ ಬಂತೆಂದರೆ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಒಬ್ಬ ಸಮಾಜಸೇವಕ ಮೈಕೊಡವಿ ಏಳುತ್ತಾನೆ. ಗಣಿತದ ಬ್ಯಾಕ್‌ಲಾಗ್ ಬಾಕಿ ಇದ್ದರೂ ಅವನ ಚಿಂತೆಯೆಲ್ಲ ಕೋಡ್ ಹಂಚುವ ತಾಣ ಗಿಟ್‌ಹಬ್‌ನದು. ಓಪನ್ ಸೋರ್ಸ್ ಪ್ರಾಜೆಕ್ಟೊಂದರಲ್ಲಿ ‘ಎಗ್ಸಾಂಪಲ್ಸ್’ ಎಂಬ ಫೋಲ್ಡರ್ ಕಂಡರೆ ಸಾಕು, ತನ್ನದೂ ಒಂದು ಫೈಲ್ ಅಲ್ಲಿ ಇರಲೇಬೇಕು. ಅಸಲು ಕೋಡ್ ಮುಟ್ಟುವುದಿಲ್ಲ, ಮುಟ್ಟಿದರೆ ಓದಬೇಕಾಗುತ್ತದೆ.

ಕರ್ನಿಘನ್ ಮತ್ತು ರಿಚಿ 1978ರ ತಮ್ಮ ಸಿ ಪುಸ್ತಕವನ್ನು ‘ಹಲೋ ವರ್ಲ್ಡ್’ನಿಂದ ಶುರುಮಾಡಿ ಮುಂದಿನ ಪಾಠಕ್ಕೆ ಹೋದರು. ನಮ್ಮ ಶೂರ ಇನ್ನೂ ಹೋಗಿಲ್ಲ. ಅದನ್ನೇ ಪೈಥಾನ್, ಜಾವಾ, ರಸ್ಟ್ ಎಂದು ವೇಷ ಬದಲಿಸಿ ದಾನ ಮಾಡುತ್ತಿದ್ದಾನೆ. ಫೋಟೊ ಚಿಕ್ಕದು ಮಾಡುವ ಲೈಬ್ರರಿಗೆ ಅವನು ಕೊಟ್ಟ ಉದಾಹರಣೆ ಎರಡು ಸಂಖ್ಯೆ ಕೂಡುವ ಪ್ರೋಗ್ರಾಂ.

ವಿಷಯಕ್ಕೆ ಸಂಬಂಧಪಟ್ಟದ್ದನ್ನು ಬರೆದಾಗ ಅಪಾಯ ಇನ್ನೂ ಹೆಚ್ಚು. ಮೊದಲ ಸಾಲಿನಲ್ಲೇ ಸಿ ಡ್ರೈವ್, ಅವನ ಹೆಸರು, ಡೆಸ್ಕ್‌ಟಾಪ್, ‘ನ್ಯೂ ಫೋಲ್ಡರ್’ ಎಂದು ಮನೆಯ ವಿಳಾಸ ಪೂರ್ತಿ ಇರುತ್ತದೆ. ಕೆಳಗೆ ಪಾಸ್‌ವರ್ಡೂ ಉಂಟು. ಪ್ರಾಜೆಕ್ಟ್ ನೋಡಿಕೊಳ್ಳುವ ಬರ್ಲಿನ್ನಿನ ಮೇಂಟೇನರ್ “ನನ್ನಲ್ಲಿ ಓಡುತ್ತಿಲ್ಲ” ಎಂದರೆ, “ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿದೆ ಸರ್, ಪ್ಲೀಸ್ ಮರ್ಜ್ ಮಾಡಿ” ಎಂಬ ಉತ್ತರ. “ನಾನು ಸರ್ ಅಲ್ಲ, ಹೆಂಗಸು” ಎಂದು ಆಕೆ ತಿದ್ದಿದರೆ, “ಓಕೆ ಸರ್.”

ಇಷ್ಟೆಲ್ಲ ಒಂದು ಟೀ ಶರ್ಟಿಗೆ. ಡಿಜಿಟಲ್ ಓಷನ್ ಕಂಪನಿ 2014ರಲ್ಲಿ ಶುರುಮಾಡಿದ ಅಕ್ಟೋಬರ್ ಹಬ್ಬ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಪುಲ್ ರಿಕ್ವೆಸ್ಟ್, ಎಂದರೆ ‘ನನ್ನ ಬದಲಾವಣೆ ಸೇರಿಸಿಕೊಳ್ಳಿ’ ಎಂಬ ಕೋರಿಕೆ, ಕಳಿಸಿದವರಿಗೆ ಅಂಗಿ ಸಿಗುತ್ತಿತ್ತು. 2020ರಲ್ಲಿ ಬೇಕಾದ ಸಂಖ್ಯೆ ನಾಲ್ಕು. ಆ ವರ್ಷ ಕಂಡಕಂಡ ರೀಡ್‌ಮಿ ಫೈಲಿಗೆ ‘ಅಮೇಜಿಂಗ್ ಪ್ರಾಜೆಕ್ಟ್’ ಎಂದು ಅಂಟಿಸಿ ಅಂಗಿ ಕೇಳಿದವರ ಹಾವಳಿ ಎಷ್ಟಾಯಿತೆಂದರೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟುಗಳು ಮಾತ್ರ ಲೆಕ್ಕಕ್ಕೆ ಎಂದು ಹಬ್ಬದ ನಡುವೆಯೇ ನಿಯಮ ಬದಲಾಯಿತು. 2023ರಲ್ಲಿ ಅಂಗಿಯೇ ನಿಂತು ಡಿಜಿಟಲ್ ಬ್ಯಾಡ್ಜ್ ಬಂತು. ಶೂರನಿಗೆ ಬೇಸರವಿಲ್ಲ. ಬ್ಯಾಡ್ಜನ್ನು ಒಗೆಯಬೇಕಿಲ್ಲ, ಲಿಂಕ್ಡ್‌ಇನ್‌ನಲ್ಲಿ ನೇತುಹಾಕಿದರಾಯಿತು.

ನಗುವ ಮಾತು ಹೌದಾದರೂ ಒಂದು ಹೇಳಬೇಕು. ಕೈಪಿಡಿಯನ್ನು ಯಾರೂ ಓದುವುದಿಲ್ಲ. ಹಿರಿಯ ಎಂಜಿನಿಯರ್‌ಗಳೂ ನೇರ ಉದಾಹರಣೆಗೆ ಹೋಗಿ ಕಾಪಿ ಹೊಡೆಯುತ್ತಾರೆ. ಅಲ್ಲಿನ ತಪ್ಪು ಎಲ್ಲಿ ಹೋಗಿ ಮೊಳೆಯುತ್ತದೋ ಬಲ್ಲವರಿಲ್ಲ. ಹತ್ತೇ ಸಾಲಿನ, ಎಲ್ಲರಲ್ಲೂ ಓಡುವ ಉದಾಹರಣೆ ಬರೆಯುವವನಿಗೆ ಲೈಬ್ರರಿಯ ಒಳಹೊರಗು ಗೊತ್ತಿರಬೇಕು.

ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದರೆ, ಕಳಿಸುವ ಮುಂಚೆ ಪಕ್ಕದ ರೂಮಿನವನ ಲ್ಯಾಪ್‌ಟಾಪಿನಲ್ಲಿ ಒಂದು ಸಲ ಓಡಿಸಿ ನೋಡೋ ಎನ್ನಿ. ಅಂಗಿಯೇ ಬೇಕು ಎಂದರೆ ಚಿಕ್ಕಪೇಟೆಗೆ ಕರೆದುಕೊಂಡು ಹೋಗಿ ಕೊಡಿಸಿಬಿಡಿ.