ವೀಸಾನಿವೇದನ ಕಾಲನಿರ್ಣಯ

ಹೊರದೇಶದ ಕೆಲಸಕ್ಕೆ ಅರ್ಜಿ ಗುಜರಾಯಿಸುವವನು ‘ನನಗೆ ವೀಸಾ ಬೇಕು’ ಎಂಬ ಮಾತನ್ನು ಯಾವಾಗ ಎತ್ತಬೇಕು? ಪೂರ್ವಸೂರಿಗಳು ಈ ಬಗ್ಗೆ ಮೌನ. ಸಂಧಿ, ಸಮಾಸ, ತದ್ಧಿತಗಳ ಗೊಡವೆಗೆಲ್ಲ ಹೋದ ಕೇಶಿರಾಜನೂ ಇದೊಂದನ್ನು ಬಿಟ್ಟ. ಆ ಕೊರತೆ ನೀಗಿಸುವುದೇ ಪ್ರಕೃತ ಗ್ರಂಥದ ಪ್ರಯೋಜನ. ನಿಮಿತ್ತ, ಡಲ್ಲಾಸಿನಲ್ಲಿ ಎಂಎಸ್ ಮುಗಿಸಿದ ನನ್ನ ಅಕ್ಕನ ಮಗ. ಅಲ್ಲಿ ರಾತ್ರಿ ಎರಡು ಗಂಟೆ, ಇಲ್ಲಿ ನಾನು ಸಾರನ್ನ ಉಂಡು ಅಡ್ಡಾಗುವ ಹೊತ್ತು. ವಾಟ್ಸಾಪಿಗೆ ಒಂದು ಸ್ಕ್ರೀನ್‌ಶಾಟು ಬಂತು, ಕೆಳಗೆ: ‘ಮಾವ, ಇದಕ್ಕೆ ಎಸ್ ಅನ್ಲಾ, ನೋ ಅನ್ಲಾ?’

ಮೂಲಪಾಠ ಹೀಗಿದೆ. ಅಮೆರಿಕದ ಅರ್ಜಿಗಳಲ್ಲಿ ಪ್ರಶ್ನೆ ಎರಡು. ಈ ದೇಶದಲ್ಲಿ ಕೆಲಸ ಮಾಡಲು ಕಾನೂನಿನ ಅನುಮತಿ ಉಂಟೇ? ಈಗಾಗಲೀ ಮುಂದಾಗಲೀ ಕಂಪನಿಯ ಸ್ಪಾನ್ಸರ್‌ಶಿಪ್ ಬೇಕಾದೀತೇ? ವೈಯಾಕರಣನ ಕಣ್ಣು ನೆಡುವುದು ‘ಈಗಾಗಲೀ ಮುಂದಾಗಲೀ’ ಎಂಬಲ್ಲಿ. ವರ್ತಮಾನವನ್ನೂ ಭವಿಷ್ಯತ್ತನ್ನೂ ಒಂದೇ ನೊಗಕ್ಕೆ ಹೂಡಿ, ಉತ್ತರಕ್ಕೆ ಮಾತ್ರ ಎರಡೇ ಗುಂಡಿ ಇಟ್ಟಿದ್ದಾರೆ. ಭೂತಕಾಲವನ್ನು ಕೇಳದೆ ಬಿಟ್ಟದ್ದು ಅವರ ಔದಾರ್ಯ.

ಜೈನರ ಸಪ್ತಭಂಗಿಯನ್ನು ಬಲ್ಲವರಿಗೆ ತೊಡಕು ತಟ್ಟನೆ ಹೊಳೆಯುತ್ತದೆ. ಹುಡುಗನ ಕೈಲಿ ಓಪಿಟಿ ಎಂಬ, ಓದು ಮುಗಿದ ಮೇಲೆ ಕೆಲಸ ಮಾಡುವ ಅನುಮತಿ ಇದೆ: 12 ತಿಂಗಳು, ತಂತ್ರಜ್ಞಾನ ಓದಿದ್ದಕ್ಕೆ ಮೇಲೆ 24. ಆದ್ದರಿಂದ ಸ್ಯಾನ್ನಾಸ್ತಿ, ಬೇಕಿಲ್ಲ. ಅದು ಮುಗಿಯುವಷ್ಟರಲ್ಲಿ ಸ್ಯಾದಸ್ತಿ, ಎಚ್-1ಬಿ ಎಂಬ ಕೆಲಸದ ವೀಸಾ ಬೇಕೇ ಬೇಕು. ಅದಕ್ಕೆ ಕಂಪನಿ ಮಾರ್ಚ್‌ನಲ್ಲಿ ಹೆಸರು ನೋಂದಾಯಿಸಬೇಕು. ವರ್ಷಕ್ಕೆ ಇರುವುದು 65,000, ಅಲ್ಲೇ ಸ್ನಾತಕೋತ್ತರ ಓದಿದವರಿಗೆ ಇನ್ನೊಂದು 20,000. ಕೇಳುವವರು ಮಿಕ್ಕರೆ ಚೀಟಿ ಎತ್ತುತ್ತಾರೆ. ಇವನ ಹೆಸರು ಬಂದೀತೇ? ಸ್ಯಾದವಕ್ತವ್ಯ, ಹೇಳಬರುವುದಿಲ್ಲ. (ಹೈದರಾಬಾದಿನ ಬಳಿ ಚಿಲ್ಕೂರು ಬಾಲಾಜಿಗೆ ಹರಕೆ ಹೊತ್ತವರು ಮೊದಲು 11 ಪ್ರದಕ್ಷಿಣೆ ಹಾಕಿ, ಫಲ ಸಿಕ್ಕ ಮೇಲೆ 108 ತೀರಿಸುತ್ತಾರೆ. ನಮ್ಮಕ್ಕ ಹನ್ನೊಂದನ್ನು ಮುಗಿಸಿಕೊಂಡು ಬಂದಾಯಿತು.) ಉಳಿದ ನಾಲ್ಕು ಭಂಗಗಳನ್ನು ವಲಸೆ ವಕೀಲರು ಗಂಟೆಗಿಷ್ಟು ಎಂದು ತೆಗೆದುಕೊಂಡು ವಿವರಿಸುತ್ತಾರೆ.

ಇನ್ನು ಮತಭೇದ. ನಮ್ಮಲ್ಲಿ ಕುಜದೋಷದ ವಿಷಯಕ್ಕೆ ಇರುವ ಪಂಗಡಗಳೇ ಇಲ್ಲೂ ಇವೆ. ಜಾತಕದ ಜತೆಯಲ್ಲೇ ಹೇಳಿಬಿಡಿ ಎನ್ನುವವರು ‘ಮಾನ್ಯರೇ, ನನಗೆ ವೀಸಾ ಬೇಕು’ ಎಂದೇ ಪತ್ರ ಶುರುಮಾಡುತ್ತಾರೆ. ಹೆಣ್ಣು ನೋಡಲು ಹೋಗಿ ಚಪ್ಪಲಿ ಬಿಡುವ ಮೊದಲೇ ಸಾಲದ ಲೆಕ್ಕ ಒಪ್ಪಿಸಿದ ಹಾಗೆ. ಉಪ್ಪಿಟ್ಟು ಕೇಸರಿಬಾತು ಆಗಲಿ ಎನ್ನುವವರು ಎರಡನೇ ಸುತ್ತಿನ ಸಂದರ್ಶನದವರೆಗೆ ಕಾಯುತ್ತಾರೆ. ಮೂರನೆಯವರು ‘ನೋ’ ಒತ್ತಿ, ಧಾರೆ ಎರೆದ ಮೇಲೆ ನೋಡಿಕೊಳ್ಳೋಣ ಎನ್ನುತ್ತಾರೆ. ಈ ಮತವನ್ನು ಖಂಡಿಸಲು ಶಾಸ್ತ್ರ ಬೇಕಿಲ್ಲ. ಬಾಯಿತಪ್ಪಿ ಆಡಿದ್ದಲ್ಲ, ಅರ್ಜಿಯಲ್ಲೇ ಬರೆದು ಕೊಟ್ಟ ಸುಳ್ಳು.

ದೇಶಭೇದವೂ ಉಂಟು. ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾ ಕೊಡಿಸಬೇಕಾದರೆ ಕಂಪನಿಗೇ ಲೈಸೆನ್ಸ್ ಇರಬೇಕು. ಲೈಸೆನ್ಸ್ ಉಳ್ಳವರ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸುತ್ತದೆ, ಯಾರು ಬೇಕಾದರೂ ನೋಡಬಹುದು. ಅದರಲ್ಲಿಲ್ಲದ ಕಂಪನಿಗೆ ಯಾವ ಅಲಂಕಾರದಲ್ಲಿ ಬರೆದರೂ ರಸೋತ್ಪತ್ತಿ ಆಗದು. ಜರ್ಮನಿಯಲ್ಲಿ ಅಂಥ ಲೈಸೆನ್ಸೇ ಬೇಡ, ನೇಮಕದ ಕರಾರು ಹಿಡಿದು ಅಭ್ಯರ್ಥಿಯೇ ವೀಸಾ ಕೇಳುತ್ತಾನೆ. ಅಲ್ಲಿ ‘ನಾನು ಓದಿದ ವಿಶ್ವವಿದ್ಯಾಲಯ ಅನಾಬಿನ್‌ನಲ್ಲಿ (ಹೊರದೇಶದ ವಿದ್ಯಾಸಂಸ್ಥೆಗಳ ಜರ್ಮನ್ ಪಟ್ಟಿ) ಮಾನ್ಯ’ ಎಂಬುದು ತೂಕದ ಮಾತು.

ಅಮೆರಿಕದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಈ ಶಾಸ್ತ್ರಕ್ಕೆ ಹೊಸ ಅಧ್ಯಾಯವೇ ಸೇರಿತು. ಹೊರಗಿನಿಂದ ಕರೆಸಿಕೊಳ್ಳುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಎಂದು ಘೋಷಣೆ ಬಂತು. ಅಲ್ಲೇ ಇದ್ದು ವಿದ್ಯಾರ್ಥಿ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ ಅದು ತಗಲುವುದಿಲ್ಲ ಎಂಬ ವಿವರಣೆ ಬಂದದ್ದು ಅಕ್ಟೋಬರ್‌ನಲ್ಲಿ. ಎಚ್‌ಆರ್ ಎಂಬ ಸಹೃದಯನು ಲಕ್ಷ ಡಾಲರಿನ ಸುದ್ದಿಯನ್ನು ಓದಿರುತ್ತಾನೆ, ವಿವರಣೆಯನ್ನು ಓದಿರುವುದಿಲ್ಲ. ಹಾಗಾಗಿ ಬರೀ ‘ಎಸ್’ ಎಂದರೆ ಅವನ ಕಿವಿಗೆ ಬೀಳುವುದು ಲಕ್ಷ.

ಸಿದ್ಧಾಂತ: ಎರಡಕ್ಕೂ ‘ಎಸ್’ ಒತ್ತು. ಪತ್ರದ ಕೊನೆಯಲ್ಲಿ, ಏನೇನು ಕೆಲಸ ಬಲ್ಲೆ ಎಂದು ಹೇಳಿದ ನಂತರ, ಒಂದೇ ವಾಕ್ಯ ಬರೆ: ಇಂಥ ತಾರೀಖಿನವರೆಗೆ ನಿಮಗೆ ಖರ್ಚಿಲ್ಲ, ಆಮೇಲೆ ಎಚ್-1ಬಿ ಬೇಕು, ನಾನು ಇಲ್ಲೇ ಇರುವುದರಿಂದ ಆ ಲಕ್ಷ ನಿಮಗಿಲ್ಲ.

ಇದನ್ನು ನಾಲ್ಕು ವಾಯ್ಸ್ ಮೆಸೇಜುಗಳಲ್ಲಿ ಸಭಾಷ್ಯವಾಗಿ ಕಳಿಸಿದೆ. ಮೂರನೆಯದು ಕೇಳುತ್ತಿರುವಾಗಲೇ ಅವನು ‘ಎಸ್, ಎಸ್’ ಒತ್ತಿದನಂತೆ. ನಾಲ್ಕನೆಯದು ಮುಗಿಯುವುದರೊಳಗೆ ಕಂಪನಿಯ ವಿಷಾದಪತ್ರ ಬಂತು. ಸಹೃದಯನು ಅಷ್ಟು ಬೇಗ ಓದಿದನೇ, ಓದಿದ್ದು ಯಂತ್ರವೇ ಎಂಬುದು ಉತ್ತರಾರ್ಧದ ವಿಷಯವೆಂದು ಬರೆಯಲು ಹೊರಟಿದ್ದೆ. ಅಷ್ಟರಲ್ಲಿ ಮತ್ತೆ ಟಿಣ್ ಅಂತು.

‘ಮಾವ, ಇನ್ನೊಂದು ಕಂಪನೀದು ಓಪನ್ ಮಾಡಿದೀನಿ. ಇದರಲ್ಲಿ ಎಕ್ಸ್‌ಪ್ಲೇನ್ ಮಾಡಕ್ಕೆ ಜಾಗ ಕೊಟ್ಟಿದಾರೆ. ಇನ್ನೂರು ಅಕ್ಷರ. ನೀವು ಹೇಳಿದ್ದನ್ನ ಸ್ವಲ್ಪ ಬರೆದು ಕಳಿಸ್ತೀರಾ?’

ನನ್ನ ಮಂಗಳಾಚರಣೆಯೇ ಇನ್ನೂರ ನಲವತ್ತು ಅಕ್ಷರ.